ತುರ್ತು ಸಹಾಯಕ್ಕೆ ಕರೆ ಮಾಡಬೇಕೋ, ಮೆಸೇಜ್ ಕಳಿಸಬೇಕೋ?

ಮಾತಾಡಲು ಆಗುವಂತಿದ್ದರೆ ಕರೆಯನ್ನೇ ಮಾಡಿ. ಆ ಕಡೆಯವರು ಕೂಡಲೇ ಪ್ರಶ್ನೆ ಕೇಳಬಹುದು, ಸುತ್ತಲಿನ ಸದ್ದನ್ನೂ ಕೇಳಿಸಿಕೊಳ್ಳಬಹುದು. ಮೆಸೇಜ್ ತಡವಾಗಬಹುದು, ತಲುಪದೆಯೂ ಹೋಗಬಹುದು.

ಎಲ್ಲಕ್ಕಿಂತ ಮೊದಲು ಜಾಗ ಹೇಳಿ. ಲೈನ್ ಮಧ್ಯದಲ್ಲೇ ಕಟ್ಟಾದರೂ ಜಾಗ ಗೊತ್ತಿದ್ದರೆ ಸಹಾಯ ಕಳಿಸಬಹುದು. ಫೋನಿನಿಂದ ಸಿಗುವ ಲೊಕೇಶನ್ ಕಟ್ಟಡದವರೆಗೆ ತೋರಿಸಿದರೂ ಯಾವ ಮಹಡಿ ಅಂತ ಹೇಳದೇ ಇರಬಹುದು. ಹಾಗಾಗಿ 'ಮೂರನೇ ಮಹಡಿ, ಲಿಫ್ಟ್ ಪಕ್ಕದ ಬಾಗಿಲು' ಅಂತ ಬಿಡಿಸಿ ಹೇಳಿ. ಆಮೇಲೆ ಏನಾಯಿತು, ಎಷ್ಟು ಜನರಿಗೆ ಪೆಟ್ಟಾಗಿದೆ, ಪ್ರಜ್ಞೆ ಇದೆಯಾ, ಉಸಿರಾಡುತ್ತಿದ್ದಾರಾ ಅನ್ನುವುದು. ಇಷ್ಟೊಂದು ಪ್ರಶ್ನೆ ಯಾಕೆ ಅಂತ ಸಿಟ್ಟಾಗಬೇಡಿ. ನೀವು ಉತ್ತರಿಸುತ್ತಿರುವಾಗಲೇ ಆಂಬುಲೆನ್ಸ್ ಹೊರಟಿರುವುದೂ ಉಂಟು. ಉಸಿರು ನಿಂತಿದ್ದರೆ ಎದೆ ಒತ್ತುವುದು ಹೇಗೆ ಅಂತ ಫೋನಲ್ಲೇ ಹೇಳಿಕೊಡುವುದೂ ಉಂಟು, ಅದರಿಂದ ಜೀವ ಉಳಿಯಬಹುದು. ಅವರು ಹೇಳುವವರೆಗೂ ಫೋನ್ ಇಡಬೇಡಿ.

ಕಿವಿ ಕೇಳದವರಿಗೆ, ದನಿ ಎತ್ತಿದರೆ ಅಪಾಯ ಅನ್ನುವವರಿಗೆ ಮೆಸೇಜೇ ದಾರಿ ಅಲ್ವಾ? ಆದರೆ ಈ ಸೌಲಭ್ಯ ಎಲ್ಲ ಕಡೆ ಇಲ್ಲ. ಬ್ರಿಟನ್ನಿನಲ್ಲಿ ತುರ್ತು ಸಂಖ್ಯೆ 999ಕ್ಕೆ ಮೆಸೇಜ್ ಮಾಡಲು ಮೊದಲೇ ಹೆಸರು ನೋಂದಾಯಿಸಬೇಕು. ಅಮೆರಿಕದ 911 ಕೂಡ ಎಲ್ಲ ಊರಲ್ಲೂ ಮೆಸೇಜ್ ತೆಗೆದುಕೊಳ್ಳುವುದಿಲ್ಲ. ನಿಮ್ಮಲ್ಲಿ ಹೇಗೆ ಅಂತ ಇವತ್ತೇ ನೋಡಿಟ್ಟುಕೊಳ್ಳಿ. ಮೆಸೇಜ್ ಕಳಿಸುವಾಗಲೂ ಮೊದಲ ಸಾಲಲ್ಲೇ ಜಾಗ ಬರೆಯಿರಿ, ಉತ್ತರ ಬರುವವರೆಗೆ ತಲುಪಿದೆ ಅಂದುಕೊಳ್ಳಬೇಡಿ.

ಕೈತಪ್ಪಿ ಕರೆ ಹೋದರೆ ಕಟ್ ಮಾಡಬೇಡಿ. 'ತಪ್ಪಿ ಬಂತು, ಇಲ್ಲಿ ಎಲ್ಲ ಸರಿಯಿದೆ' ಅಂತ ಹೇಳಿ. ಇಲ್ಲದಿದ್ದರೆ ಅವರೇ ವಾಪಸ್ ಕರೆ ಮಾಡಿ ವಿಚಾರಿಸಬೇಕಾಗುತ್ತದೆ.