ಹಳೇ ಅರೆಸ್ಟ್ ಇದೆ, ಶಿಕ್ಷೆ ಆಗಿಲ್ಲ. ಕೋವಿ ಲೈಸೆನ್ಸ್ ಅರ್ಜಿಯಲ್ಲಿ ಅದನ್ನು ಬರೆಯಲೇಬೇಕಾ?

ನೀವು ಬರೆದಿದ್ದು ಓದಿದೆ: ಬೇಲಿ ಜಗಳ, ಒಂದು ರಾತ್ರಿ ಸ್ಟೇಷನ್, ಕೊನೆಗೆ ಬಿ ರಿಪೋರ್ಟ್ (ಆರೋಪಕ್ಕೆ ಆಧಾರ ಇಲ್ಲ ಅಂತ ಪೊಲೀಸರು ಕೋರ್ಟಿಗೆ ಕೊಡುವ ವರದಿ). ನನ್ನದೂ ಇದೇ.

2011ರಲ್ಲಿ ಪಕ್ಕದ ತೋಟದವರ ಜೊತೆ ಗಡಿ ವಿಷಯಕ್ಕೆ ಕೈ ಕೈ ಮಿಲಾಯಿಸಿತು. ಅವರು ದೂರು ಕೊಟ್ಟರು, ಪೊಲೀಸರು ನನ್ನನ್ನು ಕರೆದುಕೊಂಡು ಹೋದರು, ಮರುದಿನ ಜಾಮೀನು ಸಿಕ್ಕಿತು. ತನಿಖೆಯಲ್ಲಿ ಏನೂ ಸಾಬೀತಾಗಲಿಲ್ಲ. ಬಿ ರಿಪೋರ್ಟ್ ಹೋಯಿತು, ಮ್ಯಾಜಿಸ್ಟ್ರೇಟರು ಒಪ್ಪಿದರು. ಅದನ್ನು ನಾನು ಮರೆತೂ ಬಿಟ್ಟೆ.

2018ರಲ್ಲಿ ಅಪ್ಪ ತೀರಿಕೊಂಡರು. ಅವರ ಕೇಪಿನ ಕೋವಿಯನ್ನು ಸ್ಟೇಷನ್‌ನಲ್ಲಿ ಠೇವಣಿ ಇಟ್ಟು, ಬೆಳೆ ರಕ್ಷಣೆಗೆ ಅಂತ ನನ್ನ ಹೆಸರಿಗೆ ಲೈಸೆನ್ಸ್ ಕೇಳಿದೆ. ತಪ್ಪು ಮಾಡಿದ್ದು ಅಲ್ಲೇ. ಲೈಸೆನ್ಸ್ ಅರ್ಜಿಯ ನಮೂನೆ ಎ-1ರಲ್ಲಿ ಶಿಕ್ಷೆ ಆಗಿದೆಯಾ ಅಂತ ಕೇಳುತ್ತಾರೆ. ಇಲ್ಲ ಅಂತ ಬರೆದೆ, ಅದು ಸರಿ. ಅದರ ಕೆಳಗೇ ಇನ್ನೊಂದು ಪ್ರಶ್ನೆ: ಶಾಂತಿ ಕಾಪಾಡಲು ಬಾಂಡ್ ಬರೆದುಕೊಡಲು ಆದೇಶ ಆಗಿತ್ತಾ? ಅದಕ್ಕೂ ಅದೇ ಕೈಯಲ್ಲಿ ಇಲ್ಲ ಅಂತ ಬರೆದೆ. ಜಗಳ ಆದ ತಿಂಗಳೇ ತಹಶೀಲ್ದಾರರ ಮುಂದೆ ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) 107ನೇ ಸೆಕ್ಷನ್‌ನಲ್ಲಿ ಒಂದು ವರ್ಷಕ್ಕೆ ಬಾಂಡ್ ಬರೆದುಕೊಟ್ಟಿದ್ದೆ. ನಮ್ಮ ಕಡೆ ಅದನ್ನು ಯಾರೂ ಕೇಸು ಅಂತ ಲೆಕ್ಕಕ್ಕೇ ಇಡುವುದಿಲ್ಲ. ಎರಡೂ ಕಡೆಯವರನ್ನು ಕರೆಸಿ ಸಹಿ ಹಾಕಿಸಿ ಕಳಿಸುತ್ತಾರೆ, ಅಷ್ಟೇ. ಆದರೆ ಆಯುಧ ಕಾಯ್ದೆಗೆ ಅದು ಲೆಕ್ಕ. ಸ್ಟೇಷನ್ ವರದಿಯಲ್ಲಿ ಅರೆಸ್ಟೂ ಬಂತು, ಬಾಂಡೂ ಬಂತು.

ಅರ್ಜಿ ವಜಾ. ಆದೇಶದಲ್ಲಿ ಕಾರಣ ಓದಿದಾಗ ಹೊಟ್ಟೆ ಉರಿಯಿತು. ಅರೆಸ್ಟ್ ಆಗಿದ್ದಕ್ಕಲ್ಲ, ಮಾಹಿತಿ ಮುಚ್ಚಿಟ್ಟಿದ್ದಕ್ಕೆ! ಆಯುಧ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ ಬಾಂಡ್ ಅಡ್ಡಿಯಾಗುವುದು ಅದರ ಅವಧಿ ಇರುವವರೆಗೆ ಮಾತ್ರ. ನನ್ನದು 2012ಕ್ಕೇ ಮುಗಿದಿತ್ತು. ಹೌದು ಅಂತ ಬರೆದಿದ್ದರೆ ಆ ಬಾಂಡ್ ನನಗೆ ಅಡ್ಡಿಯೇ ಆಗುತ್ತಿರಲಿಲ್ಲ. ಒಂದು ಪದಕ್ಕೆ ಮೂರು ವರ್ಷ ಹೋಯಿತು. ಅಷ್ಟರಲ್ಲಿ ಕೆಳಗಿನ ಗದ್ದೆಯನ್ನು ಹಂದಿ ಕಾಟಕ್ಕೆ ಹಡಿಲು ಬಿಟ್ಟೆವು.

ಬರೆಯದಿದ್ದರೆ ಗೊತ್ತಾಗುತ್ತದಾ ಅಂತ ಕೇಳಿದ್ದೀರಿ. ಆ ಯೋಚನೆಯನ್ನೇ ಬಿಡಿ. ಅರ್ಜಿ ಹೇಗೂ ಪರಿಶೀಲನೆಗೆ ಹೋಗುವುದು ನಿಮ್ಮದೇ ಠಾಣೆಗೆ. ಒಂದು ವೇಳೆ ಲೈಸೆನ್ಸ್ ಸಿಕ್ಕಿದರೂ, ಮುಚ್ಚಿಟ್ಟಿದ್ದು ಯಾವಾಗ ಗೊತ್ತಾದರೂ 17ನೇ ಸೆಕ್ಷನ್‌ನಲ್ಲಿ ರದ್ದು ಮಾಡಬಹುದು. ಶಿಕ್ಷೆ ಆಗಿಲ್ಲ, ಹಾಗಾಗಿ ಕೋವಿ ನನ್ನ ಹಕ್ಕು ಅಂತಲೂ ಬರೆದಿದ್ದೀರಿ. ಅದು ಅಮೆರಿಕದ ಮಾತು. ನಮ್ಮಲ್ಲಿ ಕೊಡವರಿಗೆ, ಕೊಡಗಿನ ಜಮ್ಮಾ (ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೆ ಲೈಸೆನ್ಸಿನಿಂದ ವಿನಾಯಿತಿ ಇದೆ. ಉಳಿದ ನಮಗೆಲ್ಲ ಅದು ಅನುಮತಿ ಮಾತ್ರ. ಅರ್ಜಿದಾರ ಯೋಗ್ಯನಲ್ಲ ಅನಿಸಿದರೆ, ಸಾರ್ವಜನಿಕ ಶಾಂತಿಗೆ ತೊಂದರೆ ಅನಿಸಿದರೆ 14ನೇ ಸೆಕ್ಷನ್‌ನಲ್ಲಿ ನಿರಾಕರಿಸಬಹುದು. ಆದರೆ ಕಾರಣ ಬರೆಯಲೇಬೇಕು. ಅದರ ಮೇಲೆ 30 ದಿನದೊಳಗೆ ಅಪೀಲು ಹಾಕಬಹುದು.

ನಾನು ಅಪೀಲಿಗೆ ಹೋಗಲಿಲ್ಲ, ತಪ್ಪು ನನ್ನದೇ ಇತ್ತಲ್ವಾ. ಹೊಸದಾಗಿ ಅರ್ಜಿ ಹಾಕಿದೆ. ಎಫ್‌ಐಆರ್, ಬಿ ರಿಪೋರ್ಟ್, ಮ್ಯಾಜಿಸ್ಟ್ರೇಟರ ಆದೇಶ, ಬಾಂಡ್, ಎಲ್ಲದರ ದೃಢೀಕೃತ ನಕಲು ಇಟ್ಟೆ. ಹಿಂದಿನ ಅರ್ಜಿಯಲ್ಲಿ ತಪ್ಪು ಬರೆದಿದ್ದೆ ಅಂತಲೂ ಒಂದು ಪುಟ ಬರೆದು ಸೇರಿಸಿದೆ. 2021ರಲ್ಲಿ ಲೈಸೆನ್ಸ್ ಬಂತು.

ನೀವು ಈ ವಾರವೇ ಕೋರ್ಟಿನ ನಕಲು ವಿಭಾಗಕ್ಕೆ ಹೋಗಿ. ಬಿ ರಿಪೋರ್ಟ್ ಒಪ್ಪಿದ ಆದೇಶ ತೆಗೆಸಿ. ತಾಲೂಕು ಕಚೇರಿಯಲ್ಲಿ ನಿಮ್ಮ ಹೆಸರಲ್ಲಿ 107 ಬಾಂಡ್ ಇದೆಯಾ ನೋಡಿ. ಈಗ ಹೊಸ ಕಾನೂನಿನಲ್ಲಿ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) ಅದು 126 ಆಗಿದೆ, ನಿಮ್ಮದು ಹಳೆಯದಾದ್ದರಿಂದ 107 ಅಂತಲೇ ಕೇಳಿ. ಮನೆಯಲ್ಲಿ ಹಿರಿಯರನ್ನೂ ವಿಚಾರಿಸಿ. ಸಹಿ ಹಾಕಿದ್ದು ನಿಮಗೆ ನೆನಪಿಲ್ಲದಿದ್ದರೂ ಜಾಮೀನು ನಿಂತವರಿಗೆ ನೆನಪಿರುತ್ತದೆ.