ಹನ್ನೊಂದು ಗಂಟೆಯ ನಡುಕಕ್ಕೂ ತಿಂಗಳ ಮುಟ್ಟಿಗೂ ನಂಟಿದೆಯೇ?

ಬದಿಯಡ್ಕ ಸಮೀಪದ ಅಧ್ಯಾಪಿಕೆಯೊಬ್ಬರ ಪತ್ರದ ಸಾರ: "ಬೆಳಗ್ಗೆ ಎಂಟಕ್ಕೆ ನೀರುದೋಸೆ, ಬೆಲ್ಲ-ಕಾಯಿ, ಸಕ್ಕರೆ ಹಾಕಿದ ಚಾ ಮುಗಿಸಿ ಶಾಲೆಗೆ ಹೊರಡುತ್ತೇನೆ. ಹನ್ನೊಂದರ ಹೊತ್ತಿಗೆ ಕೈ ನಡುಗುತ್ತದೆ, ಬೆವರುತ್ತೇನೆ, ಎದೆ ಹೊಡೆದುಕೊಳ್ಳುತ್ತದೆ. ಎರಡು ಬಿಸ್ಕತ್ತು ತಿಂದರೆ ಸರಿಯಾಗುತ್ತದೆ. ಮುಟ್ಟಿನ ಹಿಂದಿನ ವಾರ ಇದು ಜೋರು. ಖಾಲಿ ಹೊಟ್ಟೆಯ ಶುಗರ್ ನಾರ್ಮಲ್ ಬಂತು. ಡಾಕ್ಟರರು ಟೆನ್ಶನ್ ಎಂದರು, ಅತ್ತೆ ಉಷ್ಣ ಎನ್ನುತ್ತಾರೆ. ಸೋಮವಾರದ ಒಪ್ಪತ್ತು ಬಿಡಬೇಕೇ?"

ಟೀಚರೇ, ನಾನು ವೈದ್ಯನಲ್ಲ. ಆದರೆ ನೀವು ರಕ್ತ ಕೊಟ್ಟದ್ದು ಖಾಲಿ ಹೊಟ್ಟೆಯಲ್ಲಿ, ನಡುಕ ಬರುವುದು ತಿಂಡಿಯಾಗಿ ಮೂರು ಗಂಟೆಗೆ. ಹಾಗಿರುವಾಗ ಆ ನಾರ್ಮಲ್ ರಿಪೋರ್ಟು ನಿಮ್ಮ ಪ್ರಶ್ನೆಗೆ ಉತ್ತರವೇ ಅಲ್ಲ.

ಅಕ್ಕಿ, ಬೆಲ್ಲ, ಸಕ್ಕರೆ ಬೇಗ ಜೀರ್ಣವಾಗಿ ರಕ್ತದ ಸಕ್ಕರೆ ಸರ್ರನೆ ಏರುತ್ತದೆ. ಅದನ್ನು ಇಳಿಸಲು ಮೇದೋಜೀರಕ ಗ್ರಂಥಿ ಇನ್ಸುಲಿನ್ ಬಿಡುತ್ತದೆ. ಕೆಲವರಲ್ಲಿ ಅದು ತಡವಾಗಿ, ಬೇಕಾದ್ದಕ್ಕಿಂತ ಹೆಚ್ಚು ಬರುತ್ತದೆ. ಆಗ ಉಂಡು 2ರಿಂದ 4 ಗಂಟೆಯೊಳಗೆ ಸಕ್ಕರೆ ಕುಸಿಯುತ್ತದೆ. ಇದೇ ರಿಯಾಕ್ಟಿವ್ ಹೈಪೋಗ್ಲೈಸೀಮಿಯಾ. ಕುಸಿತವನ್ನು ತಡೆಯಲು ದೇಹ ಅಡ್ರಿನಲಿನ್ ಎಂಬ ಹಾರ್ಮೋನು ಸುರಿಸುತ್ತದೆ. ನಡುಕ, ಬೆವರು, ಎದೆಬಡಿತ ಅದರದ್ದು.

ಇನ್ನು ಮುಟ್ಟು. ಚಕ್ರ 28 ದಿನದ್ದಾದರೆ ಸುಮಾರು 14ನೆಯ ದಿನ ಅಂಡ ಬಿಡುಗಡೆಯಾಗುತ್ತದೆ. ಅದಕ್ಕೆ ಮೊದಲು ಹೆಣ್ಣು ಹಾರ್ಮೋನು ಈಸ್ಟ್ರೊಜೆನ್‌ನ ಕಾರುಬಾರು. ಸಾಮಾನ್ಯವಾಗಿ ಇನ್ಸುಲಿನ್ ಮಾತನ್ನು ದೇಹ ಚೆನ್ನಾಗಿ ಕೇಳುವ ಕಾಲ. ಆಮೇಲೆ ಇನ್ನೊಂದು ಹಾರ್ಮೋನು ಪ್ರೊಜೆಸ್ಟರಾನ್ ಏರುತ್ತದೆ, ದೇಹ ಮೊಂಡಾಗುತ್ತದೆ, ಗ್ರಂಥಿ ಇನ್ನಷ್ಟು ಇನ್ಸುಲಿನ್ ಬಿಡಬೇಕಾಗುತ್ತದೆ. ಇನ್ಸುಲಿನ್ ಚುಚ್ಚಿಕೊಳ್ಳುವ ಎಷ್ಟೋ ಮಧುಮೇಹಿ ಹೆಂಗಸರು ಮುಟ್ಟಿನ ಹಿಂದಿನ ವಾರ ಡೋಸ್ ಸಾಲದು ಎನ್ನುವುದೂ ಇದಕ್ಕೇ. ಮೊದಲೇ ಅತಿಯಾಗಿ ಇನ್ಸುಲಿನ್ ಬಿಡುವ ದೇಹದಲ್ಲಿ ಆ ವಾರದ ಏರಿಳಿತ ಇನ್ನೂ ಒರಟಾಗಬಹುದು. ಮುಟ್ಟು ಹತ್ತಿರವಾದಂತೆ ಎರಡೂ ಹಾರ್ಮೋನುಗಳು ಇಳಿಯುತ್ತವೆ, ಮೊಂಡುತನ ಕಳೆಯುತ್ತದೆ. ಕೆಲವರಿಗೆ ಕುಸಿತ ಕಾಣಿಸುವುದು ಆಗ. ಆ ದಿನಗಳಲ್ಲಿ ಹಸಿವೂ ಸಿಹಿಯ ಆಸೆಯೂ ಹೆಚ್ಚುವುದರಿಂದ ತಿನ್ನುವುದೇ ಬದಲಾಗಿರುತ್ತದೆ ಎಂಬುದನ್ನೂ ಮರೆಯಬಾರದು. ಎಲ್ಲ ಹೆಣ್ಣುಮಕ್ಕಳಲ್ಲೂ ಇದು ಒಂದೇ ಥರ ನಡೆಯುವುದಿಲ್ಲ. ಅಧ್ಯಯನಗಳ ಫಲಿತಾಂಶವೂ ಒಂದೇ ದಿಕ್ಕಿನದ್ದಲ್ಲ.

ಅತ್ತೆಯವರ ಮಾತನ್ನು ನಕ್ಕು ತಳ್ಳಬೇಡಿ. ಅಂಡ ಬಿಡುಗಡೆಯಾದ ಮೇಲೆ ಮೈಯ ಉಷ್ಣಾಂಶ 0.3ರಿಂದ 0.5 ಡಿಗ್ರಿ ಸೆಲ್ಸಿಯಸ್ ಏರುವುದು ನಿಜ. ನಡುಕಕ್ಕೆ ಅದು ಕಾರಣವಲ್ಲ, ಅಷ್ಟೆ.

ಆದರೆ ಸಕ್ಕರೆ ಕುಸಿಯದೆಯೂ ಮುಟ್ಟಿನ ಮುಂಚೆ ಎದೆಬಡಿತ, ಬೆವರು, ಸಿಡುಕು ಬರಬಹುದು. ಹಾಗಾಗಿ 1930ರ ದಶಕದಲ್ಲಿ ಅಮೆರಿಕದ ಶಸ್ತ್ರವೈದ್ಯ ಅಲೆನ್ ವಿಪಲ್ ಹೇಳಿದ ಮೂರು ಷರತ್ತನ್ನೇ ವೈದ್ಯರು ಈಗಲೂ ನೋಡುತ್ತಾರೆ: ಲಕ್ಷಣ ಇರಬೇಕು, ಅದೇ ಗಳಿಗೆಯಲ್ಲಿ ಸಕ್ಕರೆ ಕಡಿಮೆ ಇರಬೇಕು, ಸಕ್ಕರೆ ಏರಿದಾಗ ಲಕ್ಷಣ ಹೋಗಬೇಕು. ಮಧುಮೇಹ ಇಲ್ಲದವರಲ್ಲಿ ಕಡಿಮೆ ಎಂದರೆ ಡೆಸಿಲೀಟರಿಗೆ 55 ಮಿಲಿಗ್ರಾಮಿಗಿಂತ ಕೆಳಗೆ. ನಿಮ್ಮ ಪತ್ರದಲ್ಲಿ ಮೊದಲನೆಯದೂ ಮೂರನೆಯದೂ ಇವೆ, ನಡುವಿನದ್ದು ಇಲ್ಲ. ಟೆನ್ಶನ್ ಎಂದವರ ಬಳಿಯೂ ಅದು ಇರಲಿಲ್ಲ.

ಆದ್ದರಿಂದ ಒಂದು ಗ್ಲೂಕೋಮೀಟರ್ ಹೊಂದಿಸಿಕೊಳ್ಳಿ. ನಡುಕ ಬಂದಾಗ, ಬಿಸ್ಕತ್ತು ಬಾಯಿಗಿಡುವ ಮೊದಲು, ಕೈ ತೊಳೆದು ಒರೆಸಿ ನೋಡಿ. ಬೆರಳಲ್ಲಿ ಬೆಲ್ಲದ ಅಂಟಿದ್ದರೆ ಯಂತ್ರ ಸುಳ್ಳು ಹೇಳುತ್ತದೆ. ಅಂಕಿಯ ಪಕ್ಕದಲ್ಲಿ ಗಂಟೆ, ತಿಂದದ್ದು, ಮುಟ್ಟಿನ ಎಷ್ಟನೆಯ ದಿನ ಎಂದು ಬರೆಯಿರಿ (ಮುಟ್ಟಾದ ದಿನವೇ 1). ಎರಡು ಮೂರು ತಿಂಗಳು ಬರೆದರೆ ನಂಟು ಇದೆಯೋ ಇಲ್ಲವೋ ಕಾಣುತ್ತದೆ. ಕಾಸರಗೋಡಿನಲ್ಲಿ ಮಲಯಾಳದ ಡಾಕ್ಟರರಿಗೆ ತೋರಿಸಿ, ಮಂಗಳೂರಿಗೇ ಹೋಗಿ, ಆ ಪುಟವನ್ನು ಯಾರೂ ಓದಿಯಾರು. ಅಂಕಿ ಕಡಿಮೆ ಕಂಡರೆ ಲ್ಯಾಬಿನಲ್ಲಿ ಖಚಿತಪಡಿಸಬೇಕಾಗುತ್ತದೆ. 75 ಗ್ರಾಂ ಗ್ಲೂಕೋಸ್ ಕುಡಿಸಿ ನೋಡುವ ಪರೀಕ್ಷೆ ಇದಕ್ಕೆ ಒಗ್ಗುವುದಿಲ್ಲ, ಆರೋಗ್ಯವಂತರಲ್ಲೂ ಅದು ಸಕ್ಕರೆಯನ್ನು ಕೆಳಗಿಳಿಸಬಹುದು. ಊಟ ಕೊಟ್ಟು ಮಾಡುವ ಪರೀಕ್ಷೆ ಇದೆಯೇ ಎಂದು ಕೇಳಿ. ಮುಟ್ಟು ಏರುಪೇರಾಗಿದ್ದರೆ, ಮನೆಯಲ್ಲಿ ಮಧುಮೇಹ ಇದ್ದರೆ ಅದನ್ನೂ ಹೇಳಿ. ಪಿಸಿಒಎಸ್ (ಹಾರ್ಮೋನು ಏರುಪೇರಿನಿಂದ ಬರುವ ಅಂಡಾಶಯದ ತೊಂದರೆ), ಮಧುಮೇಹದ ಮೊದಲ ಹಂತ, ಎರಡರಲ್ಲೂ ಹೀಗಾಗುವುದುಂಟು.

ನೀರುದೋಸೆ ಬಿಡಬೇಕಿಲ್ಲ. ಬೆಲ್ಲ-ಕಾಯಿಯ ಬದಲು ಕಡಲೆ ಗಸಿಯೋ ಮೊಟ್ಟೆಯೋ ಇರಲಿ, ಚಾಕ್ಕೆ ಸಕ್ಕರೆ ಇಳಿಸಿ. ಹತ್ತು ಗಂಟೆಯ ಬಿಡುವಿಗೆ ಒಂದು ಹಿಡಿ ನೆಲಗಡಲೆ ತಿನ್ನಿ. ನಡುಕ ಬಂದೇ ಬಂದರೆ ಮೂರು ಟೀ ಚಮಚ ಸಕ್ಕರೆ ಸಾಕು. ಸುಧಾರಿಸಿದ ಮೇಲೆ ಏನಾದರೂ ಗಟ್ಟಿ ಆಹಾರ ತಿನ್ನಬೇಕು, ಬರೀ ಬಿಸ್ಕತ್ತಾದರೆ ಮತ್ತೆ ಅದೇ ಏರಿಳಿತ.

ಒಪ್ಪತ್ತಿನಲ್ಲಿ ತೊಂದರೆ ಕೊಡುವುದು ಹೆಚ್ಚಾಗಿ ಅದನ್ನು ಮುರಿಯುವ ರೀತಿ: ದಿನವಿಡೀ ಖಾಲಿ ಇದ್ದ ಹೊಟ್ಟೆಗೆ ಬೆಲ್ಲದ ಅವಲಕ್ಕಿ, ಬಾಳೆಹಣ್ಣು, ಪಾಯಸ. ಪರೀಕ್ಷೆ ಮುಗಿಯುವವರೆಗೆ ಮುಟ್ಟಿನ ಹಿಂದಿನ ವಾರದ ಸೋಮವಾರವನ್ನಾದರೂ ಬಿಡಿ. ಕಣ್ಣು ಕತ್ತಲೆ ಬಂದು ಬಿದ್ದರೆ, ಇಲ್ಲವೇ ರಾತ್ರಿ ನಿದ್ದೆಯಲ್ಲೋ ಬೆಳಗ್ಗೆ ಏನೂ ತಿನ್ನುವ ಮೊದಲೋ ಈ ನಡುಕ ಬಂದರೆ ಅಂಕಿ ಬರೆಯುತ್ತಾ ಕೂರಬೇಡಿ, ಅಂದೇ ವೈದ್ಯರನ್ನು ಕಾಣಿ. ಅದಕ್ಕೆ ಕಾರಣ ಬೇರೆ ಇರಬಹುದು.

– ಸಂ.