ಮಳೆಗಾಲದ ಕಡಲನ್ನು ಗೋಡೆಗೆ ತರುವ ಮುನ್ನ

ಪ್ರಶ್ನೆ: ಕುಮಟಾದಲ್ಲಿ ಚಿರೇಕಲ್ಲಿನ ಹೊಸ ಮನೆ ಕಟ್ಟಿಸಿದ್ದೇವೆ. ಆಷಾಢದ ಮಳೆಯಲ್ಲಿ ಗೋಕರ್ಣದ ಓಂ ಬೀಚಿನ ಬಂಡೆಗಳಿಗೆ ತೆರೆ ಅಪ್ಪಳಿಸುವ ಚಿತ್ರವನ್ನು ಮಗ ಮೊಬೈಲಿನಲ್ಲಿ ತೆಗೆದು ವಾಟ್ಸ್‌ಆ್ಯಪಿನಲ್ಲಿ ಕಳಿಸಿದ್ದಾನೆ. ಪಡಸಾಲೆಯ ಪಶ್ಚಿಮದ ಹೊರಗೋಡೆಗೆ, 6 ಅಡಿಯ ಸೋಫಾದ ಮೇಲೆ, ಅದನ್ನು ದೊಡ್ಡದಾಗಿ ಹಾಕುವ ಆಸೆ. ಹಳೆಯ ಮನೆಯಲ್ಲಿದ್ದ ಚಿತ್ರವೊಂದು ಎರಡೇ ಮಳೆಗಾಲಕ್ಕೆ ಬೂಷ್ಟು ಹಿಡಿದಿತ್ತು. ಈ ಸಲ ಏನು ಮಾಡಬೇಕು?

ಉತ್ತರ: ಮೊದಲು ಗೋಡೆಯನ್ನು ಬದಲಿಸಿ. ನೈಋತ್ಯ ಮಾರುತದ ಮಳೆ ನೇರವಾಗಿ ಬಂದು ಹೊಡೆಯುವುದು ನಿಮ್ಮ ಪಶ್ಚಿಮದ ಹೊರಗೋಡೆಗೇ. ಚಿರೇಕಲ್ಲು ರಂಧ್ರಗಳಿರುವ ಕಲ್ಲಾದ್ದರಿಂದ ನೀರನ್ನು ಹೀರಿಕೊಂಡು ಬಹುಕಾಲ ಹಿಡಿದಿಟ್ಟುಕೊಳ್ಳುತ್ತದೆ, ಆ ತೇವ ಚೌಕಟ್ಟಿನ ಬೆನ್ನಿಗೆ ಇಳಿಯುತ್ತದೆ. ಸೋಫಾವನ್ನೇ ಎರಡು ಕೋಣೆಗಳ ನಡುವಿನ ಒಳಗೋಡೆಯ ಕಡೆಗೆ ಸರಿಸುವುದು ಒಳ್ಳೆಯದು. ಹೊಸ ಗಾರೆ ಚೆನ್ನಾಗಿ ಆರಲು ಒಂದು ಬೇಸಿಗೆಯನ್ನಾದರೂ ಕೊಡಿ.

ಅಷ್ಟರೊಳಗೆ ಮಗನಿಂದ ಮೂಲ ಕಡತವನ್ನು ಡಾಕ್ಯುಮೆಂಟ್ ರೂಪದಲ್ಲಿ ತರಿಸಿಕೊಳ್ಳಿ. 12 ಮೆಗಾಪಿಕ್ಸೆಲ್ ಮೊಬೈಲಿನ ಚಿತ್ರದ ಅಗಲ ಸುಮಾರು 4000 ಪಿಕ್ಸೆಲ್ ಇರುತ್ತದೆ. ವಾಟ್ಸ್‌ಆ್ಯಪಿನಲ್ಲಿ ಮಾಮೂಲಿನಂತೆ ಕಳಿಸಿದಾಗ ಅದು 1600ರ ಆಸುಪಾಸಿಗೆ ಕುಗ್ಗಬಹುದು. 40 ಇಂಚು ಅಗಲಕ್ಕೆ ಮುದ್ರಿಸಿದರೆ ಮೂಲ ಕಡತದಿಂದ ಇಂಚಿಗೆ 100 ಪಿಕ್ಸೆಲ್ ಸಿಗುತ್ತದೆ, ಐದಾರು ಅಡಿ ದೂರದಿಂದ ನೋಡುವ ಚಿತ್ರಕ್ಕೆ ಇದು ಸಾಕು. ಕುಗ್ಗಿದ ಕಡತದಲ್ಲಿ ಸಿಗುವುದು ಬರೀ 40. ಆಗ ಎಲ್ಲಕ್ಕಿಂತ ಮೊದಲು ಕೆಡುವುದು ಬಂಡೆಯ ಮೇಲೆ ಸಿಡಿದ ನೊರೆ. ನಿಮ್ಮ ಚಿತ್ರದ ಜೀವ ಇರುವುದೇ ಅಲ್ಲಿ. ಸುತ್ತಲೂ 3 ಇಂಚಿನ ಮೌಂಟ್ (ಚಿತ್ರಕ್ಕೂ ಚೌಕಟ್ಟಿಗೂ ನಡುವಿನ ದಪ್ಪ ಕಾಗದದ ಅಂಚು) ಮತ್ತು 1 ಇಂಚಿನ ಚೌಕಟ್ಟು ಸೇರಿದರೆ ಒಟ್ಟು ಅಗಲ 48 ಇಂಚು, ಅಂದರೆ ಸೋಫಾದ ಮೂರರಲ್ಲಿ ಎರಡು ಪಾಲು ಆಗುತ್ತದೆ. ಕಣ್ಣಿಗೆ ಹಿತವೆನಿಸುವ ಅಳತೆ ಇದು.

ಮಳೆಗಾಲದ ಕಡಲಿಗೆ ಇನ್ನೊಂದು ತೊಡಕಿದೆ. ಮೊಬೈಲಿನ ಪರದೆ ತಾನೇ ಬೆಳಗುತ್ತದೆ, ಕಾಗದಕ್ಕೆ ಕೋಣೆಯ ಬೆಳಕೇ ಆಧಾರ. ಪರದೆಯಲ್ಲಿ ಗಂಭೀರವಾಗಿ ಕಂಡ ಬೂದುಬಣ್ಣದ ಮೋಡವೂ ಕಪ್ಪು ಬಂಡೆಯೂ ಕಾಗದದಲ್ಲಿ ಒಂದೇ ಮಸಿಯಾಗಿ ಬೆರೆತುಹೋಗುತ್ತವೆ. ನೆರಳಿನ ಭಾಗಗಳನ್ನು ತುಸು ತಿಳಿಗೊಳಿಸಿ, ಪುಟ್ಟ ಅಳತೆಯಲ್ಲಿ ಒಂದು ಮಾದರಿ ತೆಗೆಸಿ, ಅದನ್ನು ನಿಮ್ಮ ಪಡಸಾಲೆಯಲ್ಲಿಯೇ ಹಗಲೂ ರಾತ್ರಿಯೂ ನೋಡಿದ ಮೇಲೆ ದೊಡ್ಡದಕ್ಕೆ ಒಪ್ಪಿಗೆ ಕೊಡಿ. ಕಡಲಿನ ಅಂಚು ಒಂದಿಷ್ಟು ವಾಲಿದ್ದರೂ ಈ ಹಂತದಲ್ಲಿಯೇ ನೇರ ಮಾಡಿಸಿ, ಏಕೆಂದರೆ ಗೋಡೆಯ ಮೇಲೆ ಆ ವಾಲು ದಿನವೂ ಕಣ್ಣಿಗೆ ಚುಚ್ಚುತ್ತದೆ.

ಕಾಗದ ಹೊಳಪಿಲ್ಲದ್ದಿರಲಿ, ಶಾಯಿ ಬೇಗ ಮಾಸದ ಪಿಗ್ಮೆಂಟ್ (ಬಣ್ಣದ ಪುಡಿಯ) ಬಗೆಯದಿರಲಿ, ಮೌಂಟ್ ಬೋರ್ಡ್ ಆಮ್ಲರಹಿತವಾಗಿರಲಿ. ಗಾಜು ಚಿತ್ರವನ್ನು ಮುಟ್ಟಲೇಬಾರದು. ಮುಟ್ಟಿದಲ್ಲಿ ತೇವ ಸೇರಿ ಕಾಗದ ಗಾಜಿಗೆ ಅಂಟಿಕೊಂಡರೆ ಆಮೇಲೆ ಬಿಡಿಸುವುದು ಕಷ್ಟ. ಹಿಂಬದಿಗೆ ಎಂ.ಡಿ.ಎಫ್. (ಮರದ ನಾರನ್ನು ಒತ್ತಿ ಮಾಡಿದ) ಹಲಗೆ ಹಾಕಿದರೆ ನಮ್ಮ ಕರಾವಳಿಯಲ್ಲಿ ಅದು ತೇವ ಕುಡಿದು ಉಬ್ಬುವ ಭಯವಿರುವುದರಿಂದ ಎ.ಸಿ.ಪಿ. ಹಾಳೆಯನ್ನು (ಪ್ಲಾಸ್ಟಿಕ್ಕಿನ ಎರಡೂ ಬದಿಗೆ ಅಲ್ಯೂಮಿನಿಯಂ ಹೊದಿಸಿದ್ದು) ಕೇಳಿ. ಚೌಕಟ್ಟಿನ ನಾಲ್ಕು ಮೂಲೆಗಳ ಹಿಂದೆ ಕಾರ್ಕ್ ತುಂಡುಗಳನ್ನು ಅಂಟಿಸಿ ಗೋಡೆಗೂ ಅದಕ್ಕೂ ನಡುವೆ ಕಾಲಿಂಚಿನಷ್ಟು ಗಾಳಿಯಾಡಲು ಬಿಡಿ. ಉಪ್ಪುಗಾಳಿಗೆ ಕಬ್ಬಿಣದ ಮೊಳೆ ತುಕ್ಕು ಹಿಡಿದು ಗೋಡೆಗೂ ಕಲೆ ಇಳಿಯುತ್ತದೆ; ಸ್ಟೇನ್‌ಲೆಸ್ ಸ್ಟೀಲಿನ ತಿರುಪು ಬಳಸಿ.

ಮಗನಿಗೆ ಒಂದು ಮಾತು ಹೇಳಿ: ಮಳೆಗಾಲದಲ್ಲಿ ಆ ಬಂಡೆಗಳಿಗೆ ಇಳಿಯುವುದು ಬೇಡ. ಮೇಲಿನ ದಾರಿಯಲ್ಲಿ ನಿಂತರೆ ದಂಡೆಯ ಓಂಕಾರದ ತಿರುವೂ ಚಿತ್ರದೊಳಗೆ ಬರುತ್ತದೆ.

ಪ್ರಶ್ನೆ: ಶಿರಸಿಯ ನಮ್ಮ ಹಳೆಯ ಮನೆಯ ಜಗಲಿಯಲ್ಲಿ ಬೆಳಕು ಕಡಿಮೆ. ಅಲ್ಲಿ ಇಂಥ ಅಬ್ಬರದ ಕಡಲು ಒಪ್ಪುತ್ತದೆಯೇ?

ಉತ್ತರ: ನನ್ನ ಅಭಿಪ್ರಾಯದಲ್ಲಿ ಒಪ್ಪುವುದಿಲ್ಲ. ಮರದ ಕಂಬ, ಮಾಡಿನ ನೆರಳು ಇರುವಲ್ಲಿ ಕಪ್ಪು ಮೋಡದ ಚಿತ್ರ ಗೋಡೆಯಲ್ಲಿಯೇ ಕರಗಿಹೋಗುತ್ತದೆ. ಮಾಘದ ಬೆಳಗಿನಲ್ಲಿ, ಇಳಿತದ ಹೊತ್ತಿಗೆ ಅಘನಾಶಿನಿಯ ಅಳಿವೆಯಲ್ಲಿ ಆಕಾಶ ನೀರಿಗೆ ಬಿದ್ದಿರುವಂಥ ತಿಳಿಯಾದ ಚಿತ್ರವನ್ನು ಆರಿಸಿ. ಅಬ್ಬರದ ಕಡಲೇ ಬೇಕೆಂದಿದ್ದರೆ ಮೇಲಿನಿಂದ ಸುಮಾರು 30 ಡಿಗ್ರಿ ಓರೆಯಲ್ಲಿ ಒಂದು ಎಲ್‌ಇಡಿ ದೀಪವನ್ನು ಅದರ ಮೇಲೆ ಬೀಳುವಂತೆ ಹಾಕಿಸಿ.